ವಿಕ್ರಮ (ವ್ಯಕ್ತಿನಾಮ)

ಭಾರತದಲ್ಲೂ ನೇಪಾಳ, ಶ್ರೀಲಂಕಾಗಳಲ್ಲೂ ಪುರುಷರಿಗೆ ಇಡುವ ಸಂಸ್ಕೃತ ಮೂಲದ ಹೆಸರು. ಹೆಜ್ಜೆಯಿಡು ಎಂಬರ್ಥದ ‘ಕ್ರಮ್’ ಧಾತುವಿನಿಂದ ಬಂದದ್ದು. ಪರಾಕ್ರಮ ಎಂಬ ಅರ್ಥ ಆಮೇಲಿನದು. ಋಗ್ವೇದದಲ್ಲಿ ಮೂರು ಹೆಜ್ಜೆಗಳಲ್ಲಿ ಲೋಕವನ್ನಳೆದ ವಿಷ್ಣುವಿಗೆ ಮುಂದೆ ತ್ರಿವಿಕ್ರಮನೆಂಬ ಹೆಸರು ನಿಂತಿತು.

ಮನುಷ್ಯರಲ್ಲಿ ಇದು ಹರಡಿದ್ದು ಮೊದಲು ಬಿರುದಾಗಿ. ಗುಪ್ತರ ಇಮ್ಮಡಿ ಚಂದ್ರಗುಪ್ತ ತನ್ನ ನಾಣ್ಯಗಳಲ್ಲಿ ವಿಕ್ರಮಾದಿತ್ಯನೆಂದು ಕರೆದುಕೊಂಡ. ಸಿಂಹವನ್ನು ಕೊಲ್ಲುವ ಚಿತ್ರವಿರುವ ನಾಣ್ಯಗಳಲ್ಲಿ ಅವನು ‘ಸಿಂಹವಿಕ್ರಮ’. ಕ್ರಿ.ಪೂ. 57ರಿಂದ ಎಣಿಸುವ ವಿಕ್ರಮಶಕೆಗೆ ಉಜ್ಜಯಿನಿಯ ವಿಕ್ರಮಾದಿತ್ಯನೇ ಕಾರಣನೆಂಬುದು ಜನಜನಿತ ನಂಬಿಕೆ. ಆದರೆ ಹಳೆಯ ಶಾಸನಗಳು ಅದನ್ನು ಕೃತ, ಮಾಲವ ಎಂದಷ್ಟೇ ಕರೆಯುತ್ತವೆ. ಅದಕ್ಕೆ ವಿಕ್ರಮನ ಹೆಸರು ಅಂಟಿದ್ದು ಶತಮಾನಗಳ ನಂತರ. ಶಕೆಯಿಂದ ಹೆಸರು ಬೆಳೆಯಿತು ಎನ್ನುವುದಕ್ಕಿಂತ ಹೆಸರಿನ ಪ್ರಭೆ ಶಕೆಯನ್ನು ತನ್ನದಾಗಿಸಿಕೊಂಡಿತು ಎನ್ನುವುದೇ ಸರಿ.

ಬಿರುದನ್ನು ಹುಟ್ಟುಹೆಸರಿನಂತೆ ಮನೆತನದಲ್ಲಿ ಉಳಿಸಿಕೊಂಡವರು ಚಾಲುಕ್ಯರು. ಪಲ್ಲವರ ಕೈಸೇರಿದ್ದ ಬಾದಾಮಿಯನ್ನು ಮರಳಿ ಗೆದ್ದವನು ಒಂದನೆಯ ವಿಕ್ರಮಾದಿತ್ಯ. ಅವನ ಮರಿಮಗ ಇಮ್ಮಡಿ ವಿಕ್ರಮಾದಿತ್ಯ 8ನೇ ಶತಮಾನದಲ್ಲಿ ಕಂಚಿಯನ್ನು ಹಿಡಿದ, ಆದರೆ ಊರನ್ನು ಸೂರೆಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿನ ಕಂಬವೊಂದರ ಮೇಲೆ ಕನ್ನಡದಲ್ಲೇ ಬರೆಸಿದ್ದಾನೆ. ಪಲ್ಲವರ ರಾಜಧಾನಿಯಲ್ಲಿ, ಅವರೇ ಕಟ್ಟಿದ ಗುಡಿಯಲ್ಲಿ! ಕಲ್ಯಾಣದ ಆರನೆಯ ವಿಕ್ರಮಾದಿತ್ಯ (1076–1126) ಇನ್ನೂ ಮುಂದೆ ಹೋದ. ಅಣ್ಣನನ್ನು ಇಳಿಸಿ ಪಟ್ಟವೇರಿದವನು ಶಕವರ್ಷವನ್ನೇ ಬದಿಗಿಟ್ಟು ‘ಚಾಳುಕ್ಯ ವಿಕ್ರಮ ವರ್ಷ’ವನ್ನು ಆರಂಭಿಸಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಮೇಲೆ ‘ವಿಕ್ರಮಾಂಕದೇವಚರಿತ’ವನ್ನು ಬರೆದ. ಆ ವರ್ಷಗಣನೆ ಬಾಳಲಿಲ್ಲ, ಶಕವರ್ಷವೇ ಮರಳಿತು. ಇದಕ್ಕೂ ಮೊದಲೇ, 941ರ ಸುಮಾರಿಗೆ, ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದು ತನ್ನ ಭಾರತಕ್ಕೆ ‘ವಿಕ್ರಮಾರ್ಜುನ ವಿಜಯ’ ಎಂದು ಹೆಸರಿಟ್ಟಿದ್ದ.

ಶಾಸನಗಳನ್ನು ಓದದವರಿಗೆ ಹೆಸರನ್ನು ಮುಟ್ಟಿಸಿದ್ದು ಬೇತಾಳನ ಕಥೆಗಳು, ಸಿಂಹಾಸನದ ಮೂವತ್ತೆರಡು ಗೊಂಬೆಗಳ ಕಥೆಗಳು. ‘ಕಥಾಸರಿತ್ಸಾಗರ’ದಲ್ಲಿ ಬೇತಾಳನನ್ನು ಹೊರುವ ಅರಸ ತ್ರಿವಿಕ್ರಮಸೇನ. ಹಿಡಿದ ಹಟ ಬಿಡದವರನ್ನು ಕನ್ನಡಿಗರು ಇಂದಿಗೂ ‘ಛಲಬಿಡದ ತ್ರಿವಿಕ್ರಮ’ ಎನ್ನುವುದಕ್ಕೆ ಈ ಅರಸನೇ ಮೂಲ, ವಿಷ್ಣುವಲ್ಲ.

ತಮಿಳುನಾಡಿನಲ್ಲಿ 12ನೇ ಶತಮಾನದ ವಿಕ್ರಮ ಚೋಳ, ಜಾವಾದ ಮಜಪಹಿತ್ ರಾಜ್ಯದಲ್ಲಿ ವಿಕ್ರಮವರ್ಧನ ಆಳಿದರು. ದಿಲ್ಲಿಯನ್ನು ಗೆದ್ದ ಹೇಮು 1556ರಲ್ಲಿ ವಿಕ್ರಮಾದಿತ್ಯನೆನಿಸಿಕೊಂಡು ಕೆಲವೇ ವಾರಗಳಲ್ಲಿ ಪಾಣಿಪತ್ತಿನಲ್ಲಿ ಮಡಿದ. ಸಿಂಹಳದ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ. 1815ರಲ್ಲಿ ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿ ಆಮೇಲೆ ವೆಲ್ಲೂರಿಗೆ ಕಳಿಸಿದರು. ಶ್ರೀಲಂಕಾದಲ್ಲಿ ವಿಕ್ರಮಸಿಂಘೆ ಇಂದು ಮನೆತನದ ಹೆಸರು. ನೇಪಾಳದ ಕೊನೆಯ ಕಾಲದ ಶಾಹ ದೊರೆಗಳ ಹೆಸರುಗಳಲ್ಲಿ ‘ಬೀರ್ ಬಿಕ್ರಮ್’ ತಪ್ಪುತ್ತಿರಲಿಲ್ಲ.

ಅರಮನೆಯ ನಂಟು ಕಳಚಿದ ಮೇಲೆ ಇದು ಯಾರ ಮನೆಯ ಮಗುವಿಗಾದರೂ ಸಲ್ಲುವ ಹೆಸರಾಯಿತು. ವಿಜ್ಞಾನಿ ವಿಕ್ರಮ್ ಸಾರಾಭಾಯಿ (1919–1971), ಕಾದಂಬರಿಕಾರ ವಿಕ್ರಮ್ ಸೇಠ್, ಕಾರ್ಗಿಲ್ ಯುದ್ಧದಲ್ಲಿ ಮಡಿದು ಪರಮವೀರ ಚಕ್ರ ಪಡೆದ ವಿಕ್ರಮ್ ಬಾತ್ರಾ ಈ ಹೆಸರಿನ ಪ್ರಸಿದ್ಧರು. ಸಾರಾಭಾಯಿಯವರ ನೆನಪಿಗೆ ಇಸ್ರೋ ಇದೇ ಹೆಸರಿಟ್ಟ ಲ್ಯಾಂಡರ್ 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು.