ನಡುವೆ ಮುರಿದ ‘ಕೋಬ್ರಾ’

1901ರ ಸೆಪ್ಟೆಂಬರ್ 17ರ ಸಂಜೆ ಇಂಗ್ಲೆಂಡಿನ ಟೈನ್ ನದಿಯಿಂದ ಒಂದು ಹೊಸ ಯುದ್ಧನೌಕೆ ಪೋರ್ಟ್ಸ್‌ಮತ್ ಬಂದರಿನ ಕಡೆಗೆ ಹೊರಟಿತು. ಅದರ ಹೆಸರು ‘ಕೋಬ್ರಾ’, ಅಂದರೆ ನಾಗರಹಾವು. ಒಳಗಿದ್ದವರು 79 ಜನ. ನೌಕಾಪಡೆಯವರ ಜೊತೆ ಕಾರ್ಖಾನೆಯ ಕೆಲಸಗಾರರೂ ಇದ್ದರು. ಮರುದಿನ ಬೆಳಿಗ್ಗೆ ಲಿಂಕನ್‌ಶೈರ್ ಕರಾವಳಿಯ ಆಚೆ, ಅಲೆ ಜೋರಾಗಿದ್ದ ಸಮುದ್ರದಲ್ಲಿ, ಹಡಗು ನಡುವೆ ಮುರಿದು ಎರಡು ತುಂಡಾಯಿತು. 67 ಜನ ಸತ್ತರು. ಒಂದು ಸಣ್ಣ ದೋಣಿ ಹತ್ತಿದ 12 ಜನ ಮಾತ್ರ ಉಳಿದರು.

ಟಾರ್ಪಿಡೊ ಎಂದರೆ ನೀರಿನೊಳಗೆ ತಾನೇ ಓಡಿ ಹೋಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ. ಅದು ಬಂದ ಮೇಲೆ ಪುಟ್ಟ ದೋಣಿಯೂ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಬಹುದಿತ್ತು. ಅಂಥ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲು ಬ್ರಿಟನ್ 1890ರ ದಶಕದಲ್ಲಿ ‘ಟಾರ್ಪಿಡೊ ಬೋಟ್ ಡೆಸ್ಟ್ರಾಯರ್’ಗಳನ್ನು ಕಟ್ಟಿಸಿತು. ಅವು ವೇಗವಾಗಿ ಓಡಬೇಕಿತ್ತು. ಅದಕ್ಕೆ ತೂಕ ಇಳಿಸಬೇಕಿತ್ತು, ಹಾಗಾಗಿ ಮೈಗೆ ತೆಳು ಉಕ್ಕಿನ ತಗಡು ಹಾಕಿದರು.

ಕೋಬ್ರಾದಲ್ಲಿ ಚಾರ್ಲ್ಸ್ ಪಾರ್ಸನ್ಸ್ ಕಂಡುಹಿಡಿದ ಹಬೆ ಟರ್ಬೈನ್ ಇತ್ತು. ನಮ್ಮ ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕರೆಂಟ್ ತಯಾರಾಗುವುದೂ ಹಬೆಯಿಂದ ತಿರುಗುವ ಟರ್ಬೈನ್‌ನಿಂದಲೇ. ಈ ಯಂತ್ರದಿಂದ ಕೋಬ್ರಾ ಗಂಟೆಗೆ ಸುಮಾರು 65 ಕಿ.ಮೀ. ಓಡುತ್ತಿತ್ತು. ಆದರೆ ಸುಮಾರು 220 ಅಡಿ ಉದ್ದದ ಹಡಗಿನ ಅಗಲ 20 ಅಡಿಯಷ್ಟೇ. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟಿದವರಿಗೆ ಗೊತ್ತು, ನಡುವೆ ಹೋದಾಗ ಅದು ಹೇಗೆ ಬಾಗುತ್ತದೆ ಎಂದು. ಎರಡು ಅಲೆಗಳು ಎರಡು ತುದಿಯನ್ನು ಎತ್ತಿ ಹಿಡಿದರೆ ಹಡಗಿನ ನಡುವಿಗೂ ಅದೇ ಗತಿ.

ಅದೇ ವರ್ಷದ ಆಗಸ್ಟ್‌ನಲ್ಲಿ ‘ವೈಪರ್’ ಎಂಬ ಇನ್ನೊಂದು ಟರ್ಬೈನ್ ಹಡಗು ಬಂಡೆಗೆ ಬಡಿದು ಹಾಳಾಗಿತ್ತು. ಹಾಗಾಗಿ ಹೊಸ ಯಂತ್ರದ ಮೇಲೇ ಅನುಮಾನ ಬಂತು. ವಿಚಾರಣೆ ನಡೆಸಿದ ನೌಕಾಪಡೆಯ ನ್ಯಾಯಾಲಯ ಬೇರೆಯೇ ಮಾತು ಹೇಳಿತು: ಕೋಬ್ರಾ ನೆಲಕ್ಕೂ ತಾಗಿಲ್ಲ, ಯಾವುದಕ್ಕೂ ಬಡಿದಿಲ್ಲ; ಅದರ ಮೈಕಟ್ಟೇ ದುರ್ಬಲವಾಗಿತ್ತು. ಕಟ್ಟಿದವರು ಇದನ್ನು ಒಪ್ಪಲಿಲ್ಲ. ಆಮೇಲೆ ‘ವುಲ್ಫ್’ ಎಂಬ ಡೆಸ್ಟ್ರಾಯರನ್ನು ಡಾಕ್‌ನಲ್ಲಿ ಆಧಾರಗಳ ಮೇಲೆ ನಿಲ್ಲಿಸಿ, ನೀರು ತೆಗೆದು, ಮೈ ಎಷ್ಟು ಭಾರ ತಡೆಯುತ್ತದೆ ಎಂದು ಪರೀಕ್ಷೆ ಮಾಡಿದರು. ಆ ಹಡಗು ತಡೆದುಕೊಂಡಿತು.

1903ರಿಂದ ನೀರಿಗಿಳಿದ ‘ರಿವರ್’ ವರ್ಗದ ಡೆಸ್ಟ್ರಾಯರ್‌ಗಳ ವೇಗ ಕಡಿಮೆ, ಗಂಟೆಗೆ ಸುಮಾರು 47 ಕಿ.ಮೀ. ಆದರೆ ಮೈ ಗಟ್ಟಿ, ಒರಟು ಸಮುದ್ರದಲ್ಲೂ ನಿಲ್ಲುತ್ತಿದ್ದವು. ಟರ್ಬೈನ್ ಕೂಡ ಉಳಿಯಿತು: 1906ರ ಹೆಸರಾಂತ ಯುದ್ಧನೌಕೆ ‘ಡ್ರೆಡ್‌ನಾಟ್’ ಓಡಿದ್ದು ಅದರಿಂದಲೇ. ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಸುಮ್ಮನಾಗಿದ್ದರೆ ತೆಳು ತಗಡಿನ ಮಾತೇ ಬರುತ್ತಿರಲಿಲ್ಲ.