ಅಚ್ಚೊತ್ತಿದ ಕಾಂಕ್ರೀಟ್: ಹೈದರಾಬಾದಿನ ಮನೆಯಂಗಳಗಳಲ್ಲಿ

ಹಸಿ ಕಾಂಕ್ರೀಟಿಗೆ ಬಣ್ಣದ ಪುಡಿ ಉದುರಿಸಿ, ಅಚ್ಚು ಒತ್ತಿ, ಕಲ್ಲು ಇಲ್ಲವೇ ಇಟ್ಟಿಗೆಯ ಮೇಲ್ಮೈಯ ನೋಟ ಮೂಡಿಸುವ ನೆಲಹಾಸು. ಹೈದರಾಬಾದಿನಲ್ಲಿ ಇದು ಸ್ಪರ್ಧಿಸಬೇಕಾದದ್ದು ಅಸಲಿ ಕಲ್ಲಿನೊಡನೆಯೇ. ಭೀಮಾ ಜಲಾನಯನದ ಸುಣ್ಣಕಲ್ಲು ಹತ್ತಿರದ ತಾಂಡೂರಿನಲ್ಲೂ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಕಲಬುರಗಿಯ ಶಹಾಬಾದಿನಲ್ಲೂ ಚಪ್ಪಡಿಯಾಗಿಯೇ ಸಿಗುತ್ತದೆ. ಕಲ್ಲು ದೂರದಿಂದ ಬರಬೇಕಾದ ಊರುಗಳಲ್ಲಿ ನಕಲಿಗೆ ಅರ್ಥವಿದೆ. ಇಲ್ಲಿ ಅದು ತನ್ನನ್ನು ಸಮರ್ಥಿಸಿಕೊಳ್ಳಬೇಕು. ಹವೆಯೂ ಅದರ ಪರವಾಗಿಲ್ಲ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮೇಲ್ಮೈ ಬೇಗ ಒಣಗಿ ಅಚ್ಚೊತ್ತುವ ಅವಧಿ ಕುಗ್ಗುತ್ತದೆ, ಕುಗ್ಗುವಿಕೆಯ ಬಿರುಕುಗಳು ಹೆಚ್ಚುತ್ತವೆ. ಒಂದು ಚಪ್ಪಡಿ ಒಡೆದರೆ ಅದೊಂದನ್ನೇ ಬದಲಿಸಬಹುದು; ಅಖಂಡ ಕಾಂಕ್ರೀಟಿಗೆ ಹಾಕಿದ ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದು ಅಪರೂಪ. ಕೆಲವು ವರ್ಷಗಳಿಗೊಮ್ಮೆ ಸೀಲರ್ ಎಂಬ ರಕ್ಷಕ ಲೇಪ ಬಳಿಯುವ ಖರ್ಚನ್ನು ಮೊದಲ ದಿನದ ಅಂದಾಜುಪಟ್ಟಿ ಸಾಮಾನ್ಯವಾಗಿ ಹೇಳುವುದಿಲ್ಲ.

ತೆಳು ಚಪ್ಪಡಿ ಕಾರಿನ ಭಾರಕ್ಕೆ ಒಡೆಯುತ್ತದೆ, ಸಂದುಗಳಲ್ಲಿ ಕಳೆ ಬೆಳೆಯುತ್ತದೆ ಎಂಬ ಆಕ್ಷೇಪ ನಿಜವೇ. ಆದ್ದರಿಂದ ಗೇಟಿನಿಂದ ಕಾರು ನಿಲ್ಲುವ ಜಾಗದವರೆಗೆ, ಚೆನ್ನಾಗಿ ದಮ್ಮಸು ಮಾಡಿದ ತಳದ ಮೇಲೆ ಸುಮಾರು 100 ಮಿ.ಮೀ. ದಪ್ಪದ, ಕತ್ತರಿಸಿದ ಸಂದುಗಳುಳ್ಳ ಅಚ್ಚು ಕಾಂಕ್ರೀಟ್ ಒಪ್ಪುತ್ತದೆ. ಇಡೀ ಅಂಗಳಕ್ಕೆ ಒಪ್ಪದು: 2020ರ ಅಕ್ಟೋಬರ್ ಪ್ರವಾಹ ಕಂಡ ನಗರದಲ್ಲಿ ನೀರು ಇಂಗದ ನೆಲ ಹೆಚ್ಚಿದಷ್ಟೂ ಬೀದಿಗೆ ಹರಿಯುವ ನೀರು ಹೆಚ್ಚುತ್ತದೆ. ಸಿಮೆಂಟಿನಲ್ಲಿ ಕೂರಿಸಿದ ಕಲ್ಲೂ ನೀರು ಕುಡಿಯುವುದಿಲ್ಲವಲ್ಲ ಎನ್ನಬಹುದು. ಹೌದು, ಮರಳಿನ ಮೇಲೆ ಸಂದು ಬಿಟ್ಟು ಹಾಸಿದರೆ ಮಾತ್ರ ಕಲ್ಲಿಗೆ ಆ ಮೇಲುಗೈ. ಕಾಂಕ್ರೀಟನ್ನೇ ಆರಿಸಿದವರು ಇಳಿಜಾರನ್ನು ಇಂಗುಗುಂಡಿಯ ಕಡೆಗೆ ತಿರುಗಿಸಬೇಕು.