ಜೆ-ಸ್ಲಿಪ್ ಯಾರ ಕೈಲಿದೆ? ಪಹಣಿ ಕಂಪ್ಯೂಟರಿಗೆ ಬಂದ ಕಥೆ

ಹಡಪಸರದಲ್ಲಿ ನಾವು ಕೋಡ್ ಬರೆಯೋ ಮಗರಪಟ್ಟಾ ಒಂದು ಕಾಲಕ್ಕೆ ರೈತರ ಹೊಲ. ಇಲ್ಲಿ ಹೊಲದ ದಾಖಲೆಗೆ ‘ಸಾತ್ ಬಾರಾ’ ಅಂತಾರೆ, ನಮ್ಮೂರಲ್ಲಿ ಪಹಣಿ. ‘ನಮ್ಮ ಕಡೆ ಡನ್, ಆ ಟೀಮ್‌ನಿಂದ ಬ್ಲಾಕ್ ಆಗಿದೆ’ ಅಂತ ದಿನಾ ಸ್ಟ್ಯಾಂಡಪ್‌ನಲ್ಲಿ ಹೇಳೋರು ಈ ಪಹಣಿಯ ಇತಿಹಾಸ ಕೇಳಬೇಕು.

1996ರ ಹೊತ್ತಿಗೆ ಕರ್ನಾಟಕದ ಎಲ್ಲ ಜಿಲ್ಲೆಗಳಿಗೂ ಭೂದಾಖಲೆ ಗಣಕೀಕರಣ ಮಂಜೂರಾಗಿತ್ತು. ಆದರೆ ದಾಖಲೆ ಬದಲಾಗ್ತಿದ್ದದ್ದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರ್ ಇಡೋಕೆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಎಂಟ್ರಿ ಮುಗಿಯೋದರೊಳಗೆ ಡೇಟಾ ಹಳೇದು!

ಆಮೇಲೆ ಬಂದದ್ದು ‘ಭೂಮಿ’. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದರು, ಸಾಫ್ಟ್‌ವೇರ್ ಎನ್‌ಐಸಿಯದು. 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 9,000ದಷ್ಟು ಗ್ರಾಮಲೆಕ್ಕಿಗರು. ತಾಲ್ಲೂಕಿಗೇ ಕಂಪ್ಯೂಟರ್ ಬಂತು. ಎಂಟ್ರಿ ಆದ ಡೇಟಾ ಪರಿಶೀಲಿಸೋ ಹೊಣೆ ಗ್ರಾಮಲೆಕ್ಕಿಗರಿಗೇ ಬಿತ್ತು. ನಂತರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಘೋಷಿಸಿದರು. ಎರಡು ‘ಸೋರ್ಸ್ ಆಫ್ ಟ್ರೂತ್’ ಉಳಿಯಲೇ ಇಲ್ಲ. ಮ್ಯುಟೇಶನ್ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸಾಲನ್ನ ಸಾಫ್ಟ್‌ವೇರೇ ಕಾಯ್ತಿತ್ತು.

ಮುಂದಿನ ಅಡ್ಡಿ ನೋಂದಣಿ. ಅದಕ್ಕೆ ‘ಕಾವೇರಿ’ ತಂತ್ರಾಂಶ ಮಾಡಿದ್ದು ನಮ್ಮ ಪುಣೆಯ ಸಿ-ಡ್ಯಾಕ್. ಕ್ರಯಪತ್ರ ನೋಂದಣಿಯಾದ ಮೇಲೆ ಉಪನೋಂದಣಿ ಕಚೇರಿಯಿಂದ ತಹಶೀಲ್ದಾರರಿಗೆ ‘ಜೆ-ಸ್ಲಿಪ್’ ಹೋಗಬೇಕು. ಅದು ಕಾಗದವಾಗಿದ್ದಾಗ ತಡವಾದರೆ ಏನಾಗುತ್ತೆ? ದುಡ್ಡು ಕೊಟ್ಟವರು ಒಬ್ಬರು, ಪಹಣಿಯಲ್ಲಿ ಇನ್ನೂ ಮಾರಿದವರದೇ ಹೆಸರು. ಅದೇ ಜಮೀನನ್ನ ಮತ್ತೊಬ್ಬರಿಗೆ ಮಾರೋಕೂ ದಾರಿ! ಎರಡೂ ತಂತ್ರಾಂಶ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡ್ತಿದ್ದರೂ ರೈತನಿಗೆ ಮೋಸ. ಭೂಮಿ, ಕಾವೇರಿ ಒಂದಕ್ಕೊಂದು ಜೋಡಣೆಯಾಗಿ ಜೆ-ಸ್ಲಿಪ್ ಕಂಪ್ಯೂಟರ್ ಮೂಲಕವೇ ಹೋಗೋ ಹಾಗಾದ ಮೇಲೆ ಆ ಸಂದಿ ಕಿರಿದಾಯ್ತು.

ಮೂರನೇ ಟೀಮ್ ಸರ್ವೆ, ಅವರ ತಂತ್ರಾಂಶ ‘ಮೋಜಿಣಿ’. ಸರ್ವೆ ನಂಬರಿನ ಒಂದು ಭಾಗ ಮಾರಿ ಆಮೇಲೆ ಅಳೆದರೆ ಜಗಳ ಖಾತ್ರಿ. ಹಾಗಾಗಿ ಮೊದಲು 11ಇ ನಕ್ಷೆ, ಆಮೇಲೆ ನೋಂದಣಿ ಅಂತ ಕ್ರಮವನ್ನೇ ತಿರುಗಿಸಿದರು. ಇಲ್ಲಿ ಪರಿಹಾರ ಸಿಕ್ಕಿದ್ದು ಕೆಲಸದ ಸರದಿ ಬದಲಿಸಿದ್ದರಿಂದ.

ಗಮನಿಸಿ, ಈ ಮೂರೂ ಕಂದಾಯ ಇಲಾಖೆಯ ಕೆಳಗೇ ಇರೋವು. ಬಾಸ್ ಒಬ್ಬರೇ ಅಂದ ಮಾತ್ರಕ್ಕೆ ಡಿಪೆಂಡೆನ್ಸಿ ಕರಗಲ್ಲ. ಎರಡು ಟೀಮ್‌ಗಳ ನಡುವಿನ ಹಸ್ತಾಂತರಕ್ಕೂ ಒಬ್ಬ ಮಾಲೀಕ, ಒಂದು ಗಡುವು ಬೇಕು. ಮುಂದಿನ ಸಲ ಟಿಕೆಟ್ ‘ಬ್ಲಾಕ್ಡ್’ ಅಂತ ಕಂಡಾಗ ಯಾರ ತಪ್ಪು ಅಂತ ಹುಡುಕೋ ಮೊದಲು ಒಂದು ಪ್ರಶ್ನೆ ಕೇಳಿ: ಜೆ-ಸ್ಲಿಪ್ ಈಗ ಯಾರ ಕೈಲಿದೆ?